ಆಗಸ್ಟ್ ಪ್ರೈಮರಿಯಲ್ಲಿ ಯಾವ ಪಕ್ಷದ ಮತಪತ್ರ ಕೇಳಲಿ? ಮಗ ಎಂಜಿನಿಯರ್, ಸಂಪಾದನೆ ಡ್ರ್ಯಾಗ್ ಬ್ರಂಚ್‌ನಲ್ಲಿ

ಲೆಕ್ಕದಮ್ಮ:

ಟೆನ್ನೆಸ್ಸಿಯಲ್ಲಿರುವವರು ಅಥವಾ ಅಮೆರಿಕದ ಚುನಾವಣೆಯ ಒಳಸುಳಿ ತಿಳಿದವರು ದಯವಿಟ್ಟು ಉತ್ತರಿಸಿ. ಪ್ರಶ್ನೆ ಚಿಕ್ಕದು, ಹಿನ್ನೆಲೆ ಉದ್ದ. (ಪ್ರೈಮರಿ ಎಂದರೆ ನವೆಂಬರ್ ಚುನಾವಣೆಗೆ ಪ್ರತಿ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಮೊದಲ ಸುತ್ತಿನ ಮತದಾನ.)

ನಾವಿರುವುದು ನ್ಯಾಶ್‌ವಿಲ್‌ನ ಆಚೆ, ರದರ್‌ಫರ್ಡ್ ಕೌಂಟಿಯಲ್ಲಿ. ನನ್ನದು ತೆರಿಗೆ ಲೆಕ್ಕ ಬರೆಯುವ ಕೆಲಸ. ಮಗ 2025ರಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಪದವಿ ಪಡೆದ. ಅಂದಿನಿಂದ ಅರ್ಜಿ ಹಾಕುವುದೇ ಅವನ ಉದ್ಯೋಗ. ಕೆಲವು ಕಂಪನಿಗಳಿಂದ, ಅರ್ಜಿ ಕಳುಹಿಸಿ ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ‘ನಿಮ್ಮ ಆಸಕ್ತಿಗೆ ಧನ್ಯವಾದ’ ಎಂಬ ಇಮೇಲ್ ಬಂದಿರುತ್ತದೆ. ಅದನ್ನು ಮನುಷ್ಯರು ಓದಿದ್ದಾರೆಂದು ನಂಬುವಷ್ಟು ಮುಗ್ಧೆ ನಾನಲ್ಲ. ಹೊಸಬರಿಗೆ ಎಂದೇ ಪ್ರಕಟಿಸಿದ ಹುದ್ದೆಗೂ ಮೂರು ವರ್ಷದ ಅನುಭವ ಬೇಕಂತೆ. ಶಿಕ್ಷಣ ಸಾಲಕ್ಕೆ ಸರ್ಕಾರ ಕೊಟ್ಟಿದ್ದ ಆರು ತಿಂಗಳ ಬಿಡುವು ಮುಗಿದಿದೆ. ಇಪ್ಪತ್ತಾರು ತುಂಬುವವರೆಗೆ ನಮ್ಮ ಆರೋಗ್ಯ ವಿಮೆಯಲ್ಲೇ ಇರಬಹುದು ಎಂಬುದಷ್ಟೇ ಸಮಾಧಾನ.

ಸದ್ಯ ಅವನ ಕೈಗೆ ಕಾಸು ಬರುತ್ತಿರುವುದು ನ್ಯಾಶ್‌ವಿಲ್‌ನ ಒಂದು ರೆಸ್ಟೋರೆಂಟಿನ ಡ್ರ್ಯಾಗ್ ಬ್ರಂಚ್‌ನಿಂದ, ಅಂದರೆ ಹೆಚ್ಚಾಗಿ ಗಂಡಸರು ಅಬ್ಬರದ ಹೆಣ್ಣುವೇಷ ಹಾಕಿ ಆಡುವುದನ್ನು ನೋಡುತ್ತಾ ಜನ ಊಟ ಮಾಡುವ ಕಾರ್ಯಕ್ರಮದಿಂದ. ಅವನು ವೇಷ ಹಾಕುವುದಿಲ್ಲ; ಧ್ವನಿ, ಬೆಳಕು ಅವನ ಪಾಲಿನದು. ನಾನು ಹೋಗಿ ನೋಡಿದ್ದೇನೆ. ಕಲಾವಿದರು ಸೊಂಟಕ್ಕೆ ಸ್ಪಂಜಿನ ದಪ್ಪ ಪದರ ಕಟ್ಟಿ, ಅದರ ಮೇಲೆ ಹಲವು ಜೊತೆ ಬಿಗಿ ಕಾಲುಚೀಲ ಏರಿಸಿ, ಹುಬ್ಬನ್ನು ಅಂಟಿನಿಂದ ಮುಚ್ಚಿ ಅದರ ಮೇಲೆ ಹೊಸ ಹುಬ್ಬು ಬರೆಯುತ್ತಾರೆ. ನಿರೂಪಕಿಯ ಮೈಕಿನ ಪುಟ್ಟ ಪೆಟ್ಟಿಗೆ ಆ ಸ್ಪಂಜಿನೊಳಗೇ ಕೂರಬೇಕು, ಬೆವರು ತಾಗಬಾರದು. ಮಗ ಅದಕ್ಕೆ ತೆಳು ರಬ್ಬರ್ ಕವಚ ಹಾಕಿ ಕೂರಿಸುತ್ತಾನೆ. ಹಾಡಿಗೆ ತುಟಿ ಆಡಿಸುವವರಿಗೆ ಧ್ವನಿಸುರುಳಿ ಜೋಡಿಸಿಕೊಡುವವನೂ ಅವನೇ: ನಡುವೆ ಟೆಲಿಫೋನ್ ಮಾತು, ಯಾರದೋ ಭಾಷಣದ ತುಣುಕು, ಮತ್ತೆ ಹಾಡು. ಒಂದು ಕಡೆ ಎವೆಯಿಕ್ಕುವಷ್ಟು ಹೆಚ್ಚುಕಡಿಮೆಯಾದರೂ ವೇದಿಕೆಯಲ್ಲಿರುವವರ ತುಟಿ ಸಿಕ್ಕಿಬೀಳುತ್ತದೆ. ಆಟ ಮುಗಿದ ಮೇಲೆ ಮುದುಡಿದ ಡಾಲರ್ ನೋಟುಗಳನ್ನು ಮೇಜಿನ ಮೇಲೆ ತೀಡಿ, ಎಣಿಸಿ, ಅವನ ಪಾಲು ಕೊಡುತ್ತಾರೆ. ಲೆಕ್ಕದಲ್ಲಿ ಅವರ ಪ್ರಾಮಾಣಿಕತೆಯನ್ನು ನನ್ನ ಕೆಲವು ದೊಡ್ಡ ಗ್ರಾಹಕರು ಕಲಿಯಬೇಕು. ಆದರೂ ಇದು ಸ್ವಂತ ಉದ್ಯೋಗದ ಆದಾಯ. ಆದಾಯ ತೆರಿಗೆಯ ಜೊತೆಗೆ ಶೇ. 15.3ರ ಸ್ವಯಂ ಉದ್ಯೋಗ ತೆರಿಗೆ ಬೇರೆ. ಹುಡುಗನಿಗೆ ಇದನ್ನು ಅರ್ಥ ಮಾಡಿಸಲು ಸಾಕುಬೇಕಾಯಿತು.

(‘ನಮ್ಮ ಯಕ್ಷಗಾನದ ಸ್ತ್ರೀವೇಷದ ಹಾಗೆ ತಾನೇ’ ಎಂದು ಗೆಳತಿಯರು ನನಗೆ ಧೈರ್ಯ ಹೇಳುತ್ತಾರೆ. ಹಾಗಲ್ಲ. ಸ್ತ್ರೀವೇಷಧಾರಿ ನಮ್ಮನ್ನು ನಂಬಿಸಬೇಕು, ಇವರಿಗೆ ‘ಇದು ವೇಷ’ ಎಂದು ಎತ್ತಿ ತೋರಿಸುವುದರಲ್ಲೇ ಗಮ್ಮತ್ತು. ಅದಲ್ಲದೆ ನನಗೆ ಧೈರ್ಯ ಬೇಕಿರುವುದು ಬೇರೆ ವಿಷಯದಲ್ಲಿ.)

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕ್ಷೇತ್ರದಿಂದ ರಾಜ್ಯದ ಕೆಳಮನೆಗೆ ರಿಪಬ್ಲಿಕನ್ ಟಿಕೆಟ್ ಬಯಸಿರುವ ಒಬ್ಬರ ಹೊಳಪು ಕಾಗದದ ಕರಪತ್ರ ಬಂದಿದೆ. ಅರ್ಧ ಪುಟ ‘ಡ್ರ್ಯಾಗ್‌ನಿಂದ ಮಕ್ಕಳನ್ನು ಕಾಪಾಡುತ್ತೇನೆ’ ಎಂಬುದಕ್ಕೇ ಮೀಸಲು. ಉದ್ಯೋಗದ ಬಗ್ಗೆ ಒಂದು ಸಾಲು, ಅದೂ ಕೆಳಗಡೆ, ಅಂಚೆ ವಿಳಾಸದ ಪಕ್ಕ. ನಮ್ಮ ಕಡೆ ಆ ಪಕ್ಷದ ಪ್ರೈಮರಿ ಗೆದ್ದವರು ನವೆಂಬರ್‌ನಲ್ಲಿ ಸೋಲುವುದು ಕಷ್ಟ. ಅಂದರೆ ನಿಜವಾದ ಆಯ್ಕೆ ಆಗಸ್ಟ್ 6ಕ್ಕೇ ಮುಗಿಯುತ್ತದೆ. ಈ ರಾಜ್ಯದಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸುವ ಪದ್ಧತಿಯಿಲ್ಲ, ಮತಗಟ್ಟೆಯಲ್ಲಿ ಕೇಳಿದ ಮತಪತ್ರ ಕೊಡುತ್ತಾರೆ. ಹಾಗಾದರೆ ನಾನು ರಿಪಬ್ಲಿಕನ್ ಮತಪತ್ರವನ್ನೇ ಕೇಳಿ, ಅವರ ಪೈಕಿ ಸ್ವಲ್ಪ ವಿವೇಕವುಳ್ಳವರಿಗೆ ಹಾಕಬಹುದಲ್ಲವೇ? ನನ್ನ ಒಲವು ಆ ಪಕ್ಷದ ಕಡೆಗಿಲ್ಲ. ಮತಗಟ್ಟೆಯಲ್ಲಿ ತೂಗುಹಾಕುವ ಎಚ್ಚರಿಕೆಯ ಫಲಕ ಓದಿದರೆ ಎದೆ ಡವಗುಟ್ಟುತ್ತದೆ.

ನಾಕ್ಸ್‌ವಿಲ್ ಹಿರಿಯ:

ತಂಗೀ, ನಿವೃತ್ತಿಯ ಮೇಲೆ ಮತಗಟ್ಟೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಯಾರಿಗೆ ಹಾಕಬೇಕೆಂದು ಹೇಳುವುದಿಲ್ಲ, ನಿಯಮ ಹೇಳುತ್ತೇನೆ.

ರಾಜ್ಯದ ಕಾನೂನಿನ ಪ್ರಕಾರ ಪ್ರೈಮರಿಯಲ್ಲಿ ಮತ ಹಾಕುವವರು ಆ ಪಕ್ಷದ ನಿಜವಾದ ಸದಸ್ಯರಾಗಿರಬೇಕು, ಇಲ್ಲವೇ ಆ ಹೊತ್ತಿನಲ್ಲಿ ಪಕ್ಷಕ್ಕೆ ನಿಷ್ಠೆ ಘೋಷಿಸಿ, ಅದರ ಜೊತೆ ಇರುವ ಉದ್ದೇಶ ಹೊಂದಿರಬೇಕು. 2023ರ ತಿದ್ದುಪಡಿಯ ನಂತರ ಅದನ್ನು ಮೀರುವುದು ಅಪರಾಧ ಎಂಬ ಫಲಕ ಪ್ರತಿ ಮತಗಟ್ಟೆಯಲ್ಲೂ ಇರುತ್ತದೆ. ‘ನಿಜವಾದ ಸದಸ್ಯ’ ಎಂದರೆ ಯಾರು ಎಂದು ಕಾನೂನು ಬಿಡಿಸಿ ಹೇಳಿಲ್ಲ. ನಿಮ್ಮ ಮನಸ್ಸನ್ನು ನಾವು ಪರೀಕ್ಷಿಸುವುದೂ ಇಲ್ಲ. ಆದರೆ ಯಾವ ಪಕ್ಷದ ಪ್ರೈಮರಿಯಲ್ಲಿ ಮತ ಹಾಕಿದಿರಿ ಎಂಬುದು ದಾಖಲೆಯಲ್ಲಿ ಉಳಿಯುತ್ತದೆ. ಯಾರಿಗೆ ಹಾಕಿದಿರಿ ಎಂಬುದು ಮಾತ್ರ ಗುಟ್ಟು.

ಬಹಳ ಜನ ಮರೆಯುವ ಮಾತು: ಅದೇ ದಿನ ಕೌಂಟಿಯ ಸಾರ್ವತ್ರಿಕ ಚುನಾವಣೆಯೂ ಇದೆ. ಪ್ರೈಮರಿ ಬೇಡವೆಂದರೆ ಬರೀ ಅದಕ್ಕೆ ಮತ ಹಾಕಿ ಬರಬಹುದು. ನೋಂದಣಿಗೆ ಜುಲೈ 7 ಕೊನೆ, ಮುಂಗಡ ಮತದಾನ ಜುಲೈ 17ರಿಂದ ಆಗಸ್ಟ್ 1ರವರೆಗೆ. ಚುನಾವಣೆ ಗುರುವಾರ, ಮಂಗಳವಾರ ಅಲ್ಲ. ಪ್ರತಿ ಸಲ ಇದರಲ್ಲೇ ಎಷ್ಟೋ ಜನ ಎಡವುತ್ತಾರೆ.

ಇನ್ನೊಂದು. ದಕ್ಷಿಣದ ಹಲವು ರಾಜ್ಯಗಳಲ್ಲಿ ಪ್ರೈಮರಿಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲ ಇಬ್ಬರ ನಡುವೆ ಮರುಸ್ಪರ್ಧೆ. ಇಲ್ಲಿ ಅದಿಲ್ಲ. 2018ರಲ್ಲಿ ಬಿಲ್ ಲೀ ಗವರ್ನರ್ ಹುದ್ದೆಯ ರಿಪಬ್ಲಿಕನ್ ಪ್ರೈಮರಿ ಗೆದ್ದಿದ್ದು ಸುಮಾರು ಶೇ. 37 ಮತದಿಂದ. ಐದಾರು ಜನ ಕಣದಲ್ಲಿದ್ದರೆ ಒಂದು ಸಣ್ಣ ಗುಂಪಿನ ಸಿಟ್ಟನ್ನು ಕೆರಳಿಸಿದರೆ ಸಾಕು, ಗೆಲ್ಲಬಹುದು. ನಿಮ್ಮ ಕರಪತ್ರದ ಅರ್ಧ ಪುಟಕ್ಕೆ ಅದೇ ಕಾರಣ.

ಸಿಲಿಕಾನ್ ಸಿಡುಕ:

ಮೇಡಂ, ಸ್ವಲ್ಪ ಖಾರವಾಗಿ ಹೇಳುತ್ತೇನೆ. ಪಕ್ಷ, ಪ್ರೈಮರಿ ಆಮೇಲಿರಲಿ. ಎಂಜಿನಿಯರಿಂಗ್ ಓದಿದ ಹುಡುಗ ಬ್ರಂಚ್‌ನಲ್ಲಿ ನೋಟು ಎಣಿಸುತ್ತಿದ್ದರೆ ಯಾವ ಶಾಸಕ ಬಂದು ಏನು ಮಾಡಬೇಕು? ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಂಕಿಅಂಶ ನೋಡಿ. 2025ರ ಆರಂಭದಲ್ಲಿ 22ರಿಂದ 27 ವಯಸ್ಸಿನ ಪದವೀಧರರ ನಿರುದ್ಯೋಗ ಶೇ. 5.8, ದೇಶದ ಒಟ್ಟು ಪ್ರಮಾಣಕ್ಕಿಂತ ಹೆಚ್ಚು. ಕೆಲಸ ಇದ್ದವರಲ್ಲೂ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ಪದವಿಯೇ ಬೇಡದ ಕೆಲಸದಲ್ಲಿದ್ದಾರೆ. ಅದೇ ಬ್ಯಾಂಕ್ ವಿಷಯವಾರು ಪ್ರಕಟಿಸಿದ 2023ರ ಅಂಕಿಗಳಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರ ನಿರುದ್ಯೋಗ ಶೇ. 7.5, ಕಲಾ ಇತಿಹಾಸ ಓದಿದವರದು ಶೇ. 3. ಇದು ಬಡ್ಡಿದರ, ಎಐ, ಹಿಂದಿನ ವರ್ಷಗಳ ಅತಿ ನೇಮಕಾತಿಯ ಫಲ. ಡ್ರ್ಯಾಗ್ ವಿರೋಧಿಯೂ ಸರಿ ಮಾಡಲಾರ, ಬೆಂಬಲಿಗನೂ ಸರಿ ಮಾಡಲಾರ. ಮಗನಿಗೆ ಬೇರೆ ಊರು ನೋಡಿಕೊಳ್ಳಲು ಹೇಳಿ.

ಕ್ವೀನ್ಸ್ ನಿವಾಸಿ:

ಸಿಡುಕರೇ, ಬೇರೆ ಊರಿನಲ್ಲಿ ಬಾಡಿಗೆ ಯಾರು ಕಟ್ಟುತ್ತಾರೆ?

ನಾನಿರುವ ನ್ಯೂಯಾರ್ಕ್‌ನಲ್ಲಿ ಪ್ರೈಮರಿ ಮುಚ್ಚಿದ ಬಾಗಿಲಿನದು. ಪಕ್ಷದಲ್ಲಿ ನೋಂದಾಯಿಸಿದವರಿಗೆ ಮಾತ್ರ ಪ್ರವೇಶ. ಪಕ್ಷ ಬದಲಿಸುವುದಿದ್ದರೆ ಫೆಬ್ರವರಿ 14ರೊಳಗೆ ಅರ್ಜಿ ತಲುಪಬೇಕು. ಅಕ್ಕನವರ ಸಂಕಟ ಇಲ್ಲಿ ಹುಟ್ಟುವುದೇ ಇಲ್ಲ, ಬೇರೆ ಸಂಕಟಗಳಿವೆ. ಆದರೆ 2025ರ ಜೂನ್ 24ರ ಮೇಯರ್ ಪ್ರೈಮರಿಯಲ್ಲಿ ಮಾಜಿ ಗವರ್ನರ್ ಆ್ಯಂಡ್ರ್ಯೂ ಕ್ವೋಮೊ ಅವರನ್ನು ಜೊಹ್ರಾನ್ ಮಮ್ದಾನಿ ಸೋಲಿಸಿದ್ದು ಬಾಡಿಗೆ, ಬಸ್ಸು, ದಿನಸಿ ಬೆಲೆ ಎಂದು ಮತ್ತೆ ಮತ್ತೆ ಹೇಳಿ. ಪ್ರೈಮರಿ ಎಂದರೆ ಸಿಟ್ಟೆಬ್ಬಿಸುವುದೊಂದೇ ದಾರಿ ಎಂದುಕೊಳ್ಳಬೇಡಿ. ನಮ್ಮಲ್ಲಿ ಐದು ಜನರವರೆಗೆ ಒಂದು, ಎರಡು, ಮೂರು ಎಂದು ಕ್ರಮಾಂಕ ಕೊಟ್ಟು ಮತ ಹಾಕುತ್ತೇವೆ. ಟೆನ್ನೆಸ್ಸಿ 2022ರಲ್ಲಿ ಆ ಪದ್ಧತಿಯನ್ನೇ ನಿಷೇಧಿಸಿತು.

ಡ್ರ್ಯಾಗ್ ಮತ್ತು ಚುನಾವಣೆಯ ನಂಟೂ ಹೊಸದಲ್ಲ. 1961ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಡ್ರ್ಯಾಗ್ ಕಲಾವಿದ ಹೋಸೆ ಸರ್ರಿಯಾ ನಗರದ ಮೇಲ್ವಿಚಾರಕ ಮಂಡಳಿಗೆ ಸ್ಪರ್ಧಿಸಿ, ಸೋತರೂ ಐದು ಸಾವಿರಕ್ಕೂ ಹೆಚ್ಚು ಮತ ಪಡೆದರು. ಸಿಡುಕರ ಕ್ಯಾಲಿಫೋರ್ನಿಯಾದಲ್ಲೇ 2022ರಲ್ಲಿ ಮೇಬಿ ಎ. ಗರ್ಲ್ ಎಂಬ ಡ್ರ್ಯಾಗ್ ಕಲಾವಿದೆ ಸಂಸತ್ತಿನ ಪ್ರೈಮರಿಯಲ್ಲಿ ಎರಡನೆಯ ಸ್ಥಾನ ಪಡೆದು ನವೆಂಬರ್‌ನಲ್ಲಿ ಆಗಿನ ಸಂಸದ ಆ್ಯಡಂ ಶಿಫ್ ಎದುರು ನಿಂತರು. ಅಲ್ಲಿ ಮೊದಲೆರಡು ಸ್ಥಾನದವರು, ಯಾವ ಪಕ್ಷದವರಾದರೂ, ಮುಂದಕ್ಕೆ ಹೋಗುತ್ತಾರೆ.

ಲೆಕ್ಕದಮ್ಮ:

ಹಿರಿಯರಿಗೆ ನಮಸ್ಕಾರ. ಗುರುವಾರದ ವಿಷಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ.

ಸಿಡುಕರೇ, ನೀವು ಹೇಳಿದ ಅಂಕಿಗಳು ನನಗೂ ಬಾಯಿಪಾಠ. ಶಾಸಕರು ಮಗನಿಗೆ ಕೆಲಸ ಕೊಡಿಸಲಿ ಎಂದು ನಾನು ಕೇಳಲಿಲ್ಲ. ಇರುವ ಕೆಲಸ ಕಸಿಯದಿರಲಿ ಎನ್ನುತ್ತಿದ್ದೇನೆ. ಇಲ್ಲಿ ಏನಾಗಿದೆ ಗೊತ್ತೇ? 2023ರ ಮಾರ್ಚ್‌ನಲ್ಲಿ ಗವರ್ನರ್ ಲೀ ಸಹಿ ಹಾಕಿದ ಕಾನೂನು, ಅಪ್ರಾಪ್ತರ ಕಣ್ಣಿಗೆ ಬೀಳಬಹುದಾದ ಜಾಗದಲ್ಲಿ ‘ಅಪ್ರಾಪ್ತರಿಗೆ ಹಾನಿಕರ’ವಾದ ವೇಷಧಾರಿ ಪ್ರದರ್ಶನವನ್ನು ನಿಷೇಧಿಸುತ್ತದೆ. ಮೊದಲ ಸಲ ಸಣ್ಣ ಅಪರಾಧ, ಮತ್ತೆ ಮಾಡಿದರೆ ಘೋರ ಅಪರಾಧ. ಮೆಂಫಿಸ್‌ನ ಫೆಡರಲ್ ನ್ಯಾಯಾಧೀಶ ಥಾಮಸ್ ಪಾರ್ಕರ್, ಅವರೂ ಟ್ರಂಪ್ ನೇಮಿಸಿದವರೇ, ಆ ಜೂನ್‌ನಲ್ಲಿ ಅದನ್ನು ಅಸಾಂವಿಧಾನಿಕ ಎಂದರು. 2024ರ ಜುಲೈನಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ಕಾನೂನು ಸರಿಯಿದೆ ಎಂದಲ್ಲ, ದಾವೆ ಹೂಡಿದ ನಾಟಕ ತಂಡಕ್ಕೆ ದಾವೆ ಹೂಡುವ ಅರ್ಹತೆಯೇ ಇಲ್ಲ ಎಂದು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೈ ಹಾಕಲಿಲ್ಲ. ಈಗ ಆ ರೆಸ್ಟೋರೆಂಟಿನವರು ಅಂಗಳದಲ್ಲಿ ಆಟ ನಿಲ್ಲಿಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಅಂಗಳದ ಮೇಜುಗಳು ಹೋದ ಮೇಲೆ ಮಗನ ಪಾಲೂ ಇಳಿಯಿತು. ಎಷ್ಟು ಎಂಬುದು ನನ್ನ ಖಾತೆಪುಸ್ತಕದಲ್ಲಿದೆ, ಇಲ್ಲಿ ಬೇಡ. ನಮ್ಮ ಮರ್ಫ್ರೀಸ್‌ಬರೊ ನಗರಾಡಳಿತ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಉತ್ಸವಕ್ಕೆ ಅಡ್ಡಿ ಮಾಡಿ, ಮೊಕದ್ದಮೆಯಾಗಿ, 2024ರಲ್ಲಿ ಐದು ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟು ಹಣದಲ್ಲಿ ಎಷ್ಟು ಹೊಸ ಪದವೀಧರರಿಗೆ ಒಂದು ವರ್ಷದ ಸಂಬಳ ಕೊಡಬಹುದಿತ್ತು ಎಂದು ಲೆಕ್ಕ ಹಾಕದೆ ಇರಲು ನನ್ನಿಂದಾಗಲಿಲ್ಲ.

ಹೊಸ ಪದವೀಧರೆ:

ಆಂಟೀ, ನಾನೂ 2025ರ ಬ್ಯಾಚ್. ಅಣ್ಣನ ರೆಸ್ಯೂಮೆಯಲ್ಲಿ ಈ ಕೆಲಸವನ್ನು ‘ಇತರೆ’ ಎಂದು ಕೊನೆಗೆ ತಳ್ಳಿದ್ದರೆ ಮೊದಲು ಅದನ್ನು ಮೇಲಕ್ಕೆ ತನ್ನಿ. ನಿಸ್ತಂತು ಮೈಕುಗಳು ಒಂದಕ್ಕೊಂದು ಅಡ್ಡ ಬಾರದಂತೆ ತರಂಗಾಂತರ ಹಂಚುವುದು, ಡಿಜಿಟಲ್ ಮಿಕ್ಸರ್, ನೆಟ್‌ವರ್ಕ್ ತಂತಿಯಲ್ಲಿ ಧ್ವನಿ ಸಾಗಿಸುವುದು, ಮಿಲಿಸೆಕೆಂಡ್‌ಗಳ ವಿಳಂಬ ಹಿಡಿಯುವುದು: ಇವೆಲ್ಲ ಕಂಪ್ಯೂಟರ್ ಎಂಜಿನಿಯರಿಂಗೇ. ಜನರೆದುರು ಕೆಟ್ಟುಹೋದದ್ದನ್ನು ಆ ಕ್ಷಣದಲ್ಲೇ ಸರಿಪಡಿಸಿದ ಅನುಭವ ನನ್ನ ಬ್ಯಾಚಿನ ಬಹುಪಾಲು ಜನರಿಗಿಲ್ಲ, ನನಗಂತೂ ಇಲ್ಲ.

ಆಸ್ಪತ್ರೆ, ವಿಶ್ವವಿದ್ಯಾಲಯ, ದೊಡ್ಡ ಚರ್ಚುಗಳಲ್ಲಿ ಸಭಾಂಗಣದ ಧ್ವನಿ-ದೃಶ್ಯ ವ್ಯವಸ್ಥೆ ಕೂರಿಸುವ ಕಂಪನಿಗಳಿವೆ. ಧ್ವನಿ-ದೃಶ್ಯ ಉದ್ಯಮದ ಸಂಘವಾದ ಅವಿಕ್ಸಾ ಕೊಡುವ ಸಿಟಿಎಸ್ ಎಂಬ ತಂತ್ರಜ್ಞರ ಪ್ರಮಾಣಪತ್ರವನ್ನು ಆ ಕ್ಷೇತ್ರದವರು ಗುರುತಿಸುತ್ತಾರೆ. ನ್ಯಾಶ್‌ವಿಲ್‌ನಲ್ಲಿ ರಂಗತಂತ್ರಜ್ಞರ ಕಾರ್ಮಿಕ ಸಂಘ ಐಯಾಟ್ಸೆಯ ಸ್ಥಳೀಯ ಘಟಕವೂ ಇದೆ, ಹೋಗಿ ವಿಚಾರಿಸಲಿ. ಬ್ರಂಚ್ ಎಂಬ ಮಾತು ಬರೆಯಬೇಕೇ ಎಂದು ಅಣ್ಣ ಯೋಚಿಸುತ್ತಿರಬಹುದು. ‘ನೇರ ಪ್ರದರ್ಶನ’ ಎಂದರೆ ಸುಳ್ಳಲ್ಲ. ಕೇಳಿದರೆ ಪೂರ್ತಿ ಹೇಳಲಿ, ಕೇಳಿ ಮುಖ ಸಿಂಡರಿಸುವ ಕಡೆ ಕೆಲಸ ಮಾಡುವುದೂ ಕಷ್ಟವೇ.

ಲೆಕ್ಕದಮ್ಮ:

ಮಗಳೇ, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ರೆಸ್ಯೂಮೆ ತಿರುಗಿ ಬರೆಯಲು ಕೂತಿದ್ದಾನೆ.

ಮತಪತ್ರದ ವಿಷಯ ತೀರ್ಮಾನಿಸಿದೆ. ವರ್ಷವಿಡೀ ‘ಮೇಲ್ಕಂಡದ್ದೆಲ್ಲ ಸತ್ಯ’ ಎಂಬ ಸಾಲಿನ ಕೆಳಗೆ ಸಹಿ ಹಾಕಿಸುವವಳು ನಾನು. ಇಲ್ಲದ ನಿಷ್ಠೆ ಘೋಷಿಸಲು ನಾಲಿಗೆ ಏಳುವುದಿಲ್ಲ. ಡೆಮಾಕ್ರಟಿಕ್ ಮತಪತ್ರ ಕೇಳುತ್ತೇನೆ, ಕೌಂಟಿಯ ಶಾಲಾ ಮಂಡಳಿಗೂ ಹಾಕಿ ಬರುತ್ತೇನೆ. ಇದು ಜಾಣತನವಲ್ಲ ಎಂದು ಸಿಡುಕರು ಹೇಳಬಹುದು, ಹೇಳಲಿ.

ಆದರೂ ಸುಮ್ಮನಿರಲಾಗದೆ ಕರಪತ್ರದಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ, ಪದವೀಧರರ ಉದ್ಯೋಗಕ್ಕೆ ಅಭ್ಯರ್ಥಿಯ ಯೋಜನೆ ಏನೆಂದು ಕೇಳಿದೆ. ಫೋನ್ ಎತ್ತಿದವನು ಚಿಕ್ಕ ಹುಡುಗ. ರಾಜ್ಯಶಾಸ್ತ್ರ ಓದಿದ್ದಾನಂತೆ, ಗಂಟೆ ಲೆಕ್ಕದ ಸಂಬಳ, ಅದೂ ಆಗಸ್ಟ್‌ವರೆಗೆ ಮಾತ್ರ. ಉತ್ತರ ಅವನ ಬಳಿ ಇರಲಿಲ್ಲ, ‘ಕೇಳಿ ತಿಳಿಸುತ್ತೇನೆ ಮ್ಯಾಮ್’ ಎಂದ. ಮಗ ಏನು ಮಾಡುತ್ತಾನೆ ಎಂದು ವಿಚಾರಿಸಿದ. ನೇರ ಪ್ರದರ್ಶನಗಳಿಗೆ ಧ್ವನಿ ವ್ಯವಸ್ಥೆ ಎಂದೆ. ಅವನ ದನಿಯೇ ಬದಲಾಯಿತು: ಮುಂದಿನ ಸಭೆಗೆ ಮೈಕು, ಸ್ಪೀಕರ್ ನೋಡಿಕೊಳ್ಳುವವರು ಕೈಕೊಟ್ಟಿದ್ದಾರೆ, ಯಾರಾದರೂ ಸಿಗಬಹುದೇ?

ಮಗನಿಗೆ ಹೇಳಿದೆ. ಮೊದಲು ನಕ್ಕ, ಆಮೇಲೆ ದರಪಟ್ಟಿ ಕಳುಹಿಸಿದ. ಅರ್ಧ ಹಣ ಮುಂಗಡ ಎಂಬ ಸಾಲನ್ನು ನಾನು ಸೇರಿಸಿಸಿದೆ.