ಪಟ್ಟೆ ಎಲೆಯ ಜೇಕು, ತೇವದ ಜಾಗ: ವೀಣಾ ಮೇಡಂ ಅವರನ್ನು ಕೇಳಿ

ಸುಮಾ, ತೀರ್ಥಹಳ್ಳಿ: ಮೇಡಂ, ಸೂರಿನ ನೀರು ಬೀಳೋ ಕಡೆ ಕ್ಯಾರೆಕ್ಸ್ ಎವರ್‌ಗೋಲ್ಡ್ (ಪಟ್ಟೆ ಎಲೆಯ ಜೇಕು) ಆರು ಬುಡ ನೆಟ್ಟಿದ್ದೆ. ಮಳೆ ಹಿಡಿದು ತಿಂಗಳಾಯ್ತು, ನಡುವಿನ ಎಲೆ ಎಳೆದರೆ ಕೈಗೇ ಬರ್ತಿದೆ. ತೇವ ಇಷ್ಟ ಅಂದಿದ್ರಲ್ಲ?

ವೀಣಾ (ನರ್ಸರಿ): ಕಿತ್ತ ಎಲೆಯ ಬುಡ ಮೂಸಿ ನೋಡಿ. ಕೊಳೆತ ವಾಸನೆ ಇದ್ದರೆ ಇವತ್ತೇ ಅಗೆಯಿರಿ, ಭಾನುವಾರಕ್ಕೆ ಕಾಯಬೇಡಿ. ಇದು ಜಪಾನಿನ ಕಾಡಿನ ಗಿಡ. ನೆರಳು, ತೇವ ಬೇಕು. ನಿಂತ ನೀರು ಬೇಡ. ಬೇರಿನ ಸುತ್ತ ಇರೋ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಹಾಗೇ ಜೇಡಿಮಣ್ಣಿಗೆ ಇಳಿಸಿದರೆ ಅದು ಸ್ಪಂಜಿನ ಹಾಗೆ ನೀರು ಹಿಡಿಯುತ್ತೆ, ಬೇರಿಗೆ ಗಾಳಿ ಸಿಗಲ್ಲ. ಬಕೆಟ್ ನೀರಲ್ಲಿ ಅಲ್ಲಾಡಿಸಿ ಪೀಟ್ ಬಿಡಿಸಿ. ಕಂದಾಗಿ ಮೆತ್ತಗಾದ ಬೇರು ಕತ್ತರಿಸಿ. ಬಿಳಿ, ಗಟ್ಟಿ ಬೇರು ಉಳಿಯಲಿ. ಎರಡು ಪಾಲು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಎಲೆಗೊಬ್ಬರ ಕಲಸಿ ಅರ್ಧ ಅಡಿ ಎತ್ತರದ ಏರಿ ಮಾಡಿ, ಸೂರಿನ ಹನಿ ನೇರ ಬೀಳದ ಕಡೆ. ಗಿಡದಿಂದ ಗಿಡಕ್ಕೆ ಒಂದಡಿ. ಎಲೆ ಹುಟ್ಟುವ ಬುಡ ಮಣ್ಣಿನ ಮಟ್ಟಕ್ಕೇ ಇರಲಿ, ಹೂತರೆ ಮತ್ತೆ ಇದೇ ಕಥೆ. ನೀರು ನಿಲ್ಲುವ ಜಾಗಕ್ಕೆ ಪಟ್ಟೆ ಅಂಬ್ರೆಲಾ ಪಾಮ್ ನೆಡಿ. ಹೆಸರಷ್ಟೇ ಪಾಮ್, ಜೇಕಿನ ಜಾತಿಯದೇ.

ರಘು, ಬೆಂಗಳೂರು: ಪಟ್ಟೆ ಅಂಬ್ರೆಲಾದಲ್ಲಿ ಪೂರ್ತಿ ಹಸಿರು ಕಡ್ಡಿ ಬರ್ತಿದೆ.

ವೀಣಾ: ಬುಡಸಮೇತ ಕಿತ್ತುಹಾಕಿ. ಹಸಿರಿನದು ಬೇಗ ಬೆಳೆದು ಪಟ್ಟೆಯದನ್ನು ನುಂಗುತ್ತೆ.

ಗಾಯತ್ರಿ: ಫಾರ್ವರ್ಡ್ ಬಂದಿದೆ: "ಲೀಟರಿಗೆ ಎರಡು ಚಮಚ ಎಪ್ಸಂ ಸಾಲ್ಟ್, ಏಳೇ ದಿನದಲ್ಲಿ ಪಟ್ಟೆ ವಾಪಸ್!" 🙏

ವೀಣಾ: ಬರಲ್ಲ. ಪಟ್ಟೆ ಅಂದರೆ ಅಲ್ಲಿ ಹರಿತ್ತು (ಎಲೆಗೆ ಹಸಿರು ಬಣ್ಣ ಕೊಡೋದು) ಇಲ್ಲ ಅಂತ. ಎಪ್ಸಂನಲ್ಲಿರೋ ಮೆಗ್ನೀಷಿಯಂ ಹರಿತ್ತಿಗೇ ಬೇಕಾದದ್ದು, ಅದರಿಂದ ಬಿಳಿ ತರಿಸ್ತೀರಾ? ಕುಂಡಕ್ಕೆ ವಾರವಾರ ಸುರಿದರೆ ಬೇರು ಸುಡುತ್ತೆ.

ಫಾತಿಮಾ, ಉಳ್ಳಾಲ: ಬೇಸಿಗೆಯಲ್ಲಿ ನಮ್ಮ ಬಾವಿ ನೀರು ಉಪ್ಪು. ಅಂಬ್ರೆಲಾ ತಾಳುತ್ತಾ ಮೇಡಂ?

ಮಂಜುನಾಥ, ಮಂಡ್ಯ: ಎಲ್ಲಾ ಜೇಕೇ. ದುಡ್ಡು ಕೊಟ್ಟು ಕಳೆ ತರೋರು ನೀವೇ ಸೈ.

ರಘು: ಕೊನ್ನಾರಿ ಅನ್ನೋ ಕಳೆ ಜೇಕಿಗೆ ಮಣ್ಣೊಳಗೆ ಗಡ್ಡೆ ಓಡುತ್ತೆ ಸಾರ್, ಎವರ್‌ಗೋಲ್ಡ್ ಬುಡ ಕಟ್ಟಿ ಕೂರುತ್ತೆ. ಒಂದೇ ಹೇಗಾಗುತ್ತೆ?

ಮಂಜುನಾಥ: ಅಂಬ್ರೆಲಾ ನಾಲೆಗೆ ಇಳಿದರೆ ಕೀಳೋಕೆ ಬರ್ತೀರಾ, ಗೂಗಲ್ ಪಂಡಿತರೇ?

ರಘು: ಮೊದಲು ನಿಮ್ಮ ಲಾನಿನ ಕೊನ್ನಾರಿ ಕೀಳಿ, ಫೋಟೋದಲ್ಲೇ ಕಾಣ್ತಿದೆ.

ವೀಣಾ: ನಾಲೆ ಮಾತು ಮಂಜುನಾಥ್ ಅವರದೇ ಸರಿ. ಬೀಜ ಕಟ್ಟುವ ಮೊದಲೇ ಅಂಬ್ರೆಲಾದ ತಲೆ ಕತ್ತರಿಸಿ, ಚರಂಡಿಗೆ ಎಸೆಯಬೇಡಿ. ನೀರಿಗೆ ಬಿದ್ದ ತಲೆ ಅಲ್ಲೇ ಬೇರು ಬಿಡುತ್ತೆ. ಉಳಿದ ಜಗಳ ಇನ್‌ಬಾಕ್ಸಲ್ಲಿ ಆಡಿ.

ಲತಾ: ಪಟ್ಟೆ ಹೋಗಿ ಹಸಿರಾಗಿದೆ, ಏನು ಹಾಕಲಿ?

ವೀಣಾ: ಕತ್ತರಿ, ಹಸಿರು ಕಡ್ಡಿಯ ಬುಡಕ್ಕೇ. ಮೇಲೆ ಬರೆದಿದೆ, ಓದಿ.

ಸುಮಾ: ಅಗೆದೆ ಮೇಡಂ. ವಾಸನೆ ಇತ್ತು. ಎರಡರ ಬೇರು ಮಾತ್ರ ಬಿಳಿ. ಗೊಬ್ಬರ ಹಾಕಲಾ?

ವೀಣಾ: ಹೊಸ ಎಲೆ ಕಾಣೋವರೆಗೆ ಬೇಡ. ಹಳೇ ಮಣ್ಣು ಮತ್ತೆ ಬಳಸಬೇಡಿ.

ಗಾಯತ್ರಿ: ಅರಿಶಿನ ನೀರು ಹಾಕಿ ಸುಮಾ, ನಮ್ಮ ಇನ್ನೊಂದು ಗ್ರೂಪಲ್ಲಿ ಬಂದಿದೆ.

ಫಾತಿಮಾ: ಉಪ್ಪು ನೀರಿನದು ಯಾರಾದ್ರೂ ಹೇಳ್ತೀರಾ?