ಸಹಾಯ ಬೇಕು: ಬಾಡಿಗೆಗೆ ಕೊಡುವ ಮ್ಯಾನುಫ್ಯಾಕ್ಚರ್ಡ್ ಮನೆಗೆ (ಕಾರ್ಖಾನೆಯಲ್ಲಿ ಕಟ್ಟಿ ತಂದು ಇಡುವ ಮನೆಗೆ) ಸಾಲ ಎಲ್ಲಿ ಸಿಗುತ್ತದೆ?

ಅಮೆರಿಕದಲ್ಲಿರುವ ಕನ್ನಡಿಗರಿಗೆಲ್ಲ ನಮಸ್ಕಾರ. ನಾರ್ತ್ ಕ್ಯಾರೊಲೈನಾದಲ್ಲಿ, ರಾಲಿಯಿಂದ ಸ್ವಲ್ಪ ಹೊರಗೆ, ನಮ್ಮದೊಂದು ಜಾಗ ಇದೆ. ಅದರ ಮೇಲೆ ಸಾಲವಿಲ್ಲ. ಬಾವಿ, ಸೆಪ್ಟಿಕ್ ಟ್ಯಾಂಕ್, ಕರೆಂಟ್ ಎಲ್ಲಾ ಇದೆ. ಅಲ್ಲಿರುವ ಹಳೇ ಸಿಂಗಲ್‌ವೈಡ್ (ಒಂದೇ ಭಾಗವಾಗಿ ಬರುವ ಮ್ಯಾನುಫ್ಯಾಕ್ಚರ್ಡ್ ಮನೆ) 1976ರ ಜೂನ್‌ಗಿಂತ ಮುಂಚಿನದು, ಅಂದರೆ ಇಂಥ ಮನೆಗಳಿಗೆ ಅಮೆರಿಕದ ವಸತಿ ಇಲಾಖೆ ಹಡ್‌ನ (HUD) ಗುಣಮಟ್ಟದ ನಿಯಮ ಬರುವ ಮೊದಲಿನದು. ಹೊರಗೋಡೆಯಲ್ಲಿ ಆ ನಿಯಮದ ಗುರುತಾದ ಕೆಂಪು ತಗಡೂ ಇಲ್ಲ. ಬಚ್ಚಲಿನ ಹತ್ತಿರ ಕಾಲಿಟ್ಟರೆ ನೆಲ ತಗ್ಗುತ್ತದೆ. ಅಂಥ ಮನೆಯಲ್ಲಿ ಇನ್ನೊಂದು ಕುಟುಂಬವನ್ನು ಇರಿಸಲು ಮನಸ್ಸು ಬರುವುದಿಲ್ಲ. ಅದನ್ನು ತೆಗೆಸಿ, ಹೊಸ ಡಬಲ್‌ವೈಡ್ (ಎರಡು ಭಾಗ ಜೋಡಿಸಿದ ದೊಡ್ಡ ಮನೆ) ಇಡಿಸಿ ಬಾಡಿಗೆಗೆ ಕೊಡಬೇಕೆಂದಿದ್ದೇವೆ.

ಸಾಲದ ಹತ್ತಿರವೇ ಎಲ್ಲಾ ನಿಂತಿದೆ. ಎಫ್‌ಎಚ್‌ಎ ಸಾಲ (ಸರ್ಕಾರಿ ವಿಮೆ ಇರುವ ಗೃಹಸಾಲ) ಬೇಕೆಂದರೆ ನಾವೇ ವಾಸ ಮಾಡಬೇಕು. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದಲ್ಲೂ ಬಾಡಿಗೆಯ ಮ್ಯಾನುಫ್ಯಾಕ್ಚರ್ಡ್ ಮನೆಗೆ ಅವಕಾಶವಿಲ್ಲ. ಮನೆ ಮಾರುವ ಡೀಲರ್ ಚಾಟೆಲ್ ಸಾಲ (ಜಮೀನು ಬಿಟ್ಟು, ಮನೆಯನ್ನಷ್ಟೇ ಚರಾಸ್ತಿಯಾಗಿ ಅಡವಿಡುವ ಸಾಲ) ಕೊಡಿಸುತ್ತೇನೆ ಎನ್ನುತ್ತಾರೆ, ಆದರೆ ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಕಂತು ಕಟ್ಟಿದ ಮೇಲೆ ಬಾಡಿಗೆಯಲ್ಲಿ ಏನೂ ಉಳಿಯುವುದಿಲ್ಲ. ಸುಮ್ನೆ "ನಾವೇ ಇರುತ್ತೇವೆ" ಅಂತ ಬರೆದುಕೊಡಿ ಎಂದವರೂ ಇದ್ದಾರೆ. ಅದು ವಂಚನೆ ಅಲ್ವಾ? ಖಂಡಿತ ಮಾಡುವುದಿಲ್ಲ.

ನನ್ನ ಗೊಂದಲ ಇದು. ಪಕ್ಕಾ ಅಡಿಪಾಯ ಹಾಕಿಸಿ, ಡಿಎಂವಿ ಟೈಟಲ್ (ವಾಹನಕ್ಕೆ ಕೊಡುವಂತೆ ಸಾರಿಗೆ ಇಲಾಖೆ ಈ ಮನೆಗೂ ಕೊಡುವ ಮಾಲೀಕತ್ವದ ಪತ್ರ) ರದ್ದು ಮಾಡಿಸಿದರೆ ಮನೆ ಜಮೀನಿನ ಜೊತೆ ಸೇರಿ ಸ್ಥಿರಾಸ್ತಿಯಾಗುತ್ತದೆ, ಆಗ ಎರಡನ್ನೂ ಒಟ್ಟಿಗೆ ಅಡವಿಟ್ಟು ಸಾಲ ಕೇಳಬಹುದು. ಆದರೆ ಅದೆಲ್ಲ ಆಗುವುದು ಮನೆ ಬಂದು ಕೂತ ಮೇಲೆ. ದುಡ್ಡು ಬೇಕಿರುವುದು ಅದಕ್ಕೂ ಮೊದಲು.

ಬಾಡಿಗೆಗೆಂದೇ ಹೇಳಿ, ಜಾಗ ಅಡವಿಟ್ಟು, ಊರಿನ ಸಣ್ಣ ಬ್ಯಾಂಕ್ ಅಥವಾ ಕ್ರೆಡಿಟ್ ಯೂನಿಯನ್‌ನಲ್ಲಿ ಯಾರಾದರೂ ಸಾಲ ಪಡೆದಿದ್ದೀರಾ? ಡೌನ್‌ಪೇಮೆಂಟ್ ಬದಲು ಜಾಗದ ಬೆಲೆಯನ್ನೇ ಒಪ್ಪಿದರಾ? ಇಲ್ಲ, ನಾವಿರುವ ಮನೆಯ ಮೇಲೆ ಹೋಮ್ ಈಕ್ವಿಟಿ ಸಾಲ ತೆಗೆಯುವುದೊಂದೇ ದಾರಿಯಾ?