ರುಮಟಾಯ್ಡ್ ಇರುವವರ ದನಿ ಕಟ್ಟಿದರೆ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ಅಮ್ಮನಿಗೆ 58 ವರ್ಷ, ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳ ಉರಿಯೂತ) ಇದೆ, ಅದಕ್ಕೆ ಮೆಥೋಟ್ರೆಕ್ಸೇಟ್ ಮಾತ್ರೆ ತಗೋತಾರೆ. ಒಂದು ತಿಂಗಳಿಂದ ದನಿ ಗೊಗ್ಗರಾಗಿದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ನುಂಗಿದರೆ ನೋವು ಕಿವಿಗೂ ಹೊಡೆಯುತ್ತೆ ಅಂತಾರೆ. ಆಸಿಡಿಟಿ ಮಾತ್ರೆಯಿಂದ ಗುಣ ಕಾಣಲಿಲ್ಲ. ಇದಕ್ಕೂ ಕೀಲುನೋವಿಗೂ ಸಂಬಂಧ ಇದೆಯಾ?

ಉತ್ತರ (ಇಎನ್‌ಟಿ): ಇರಬಹುದು. ಧ್ವನಿಪೆಟ್ಟಿಗೆಯ ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕೀಲುಗಳಿವೆ, ಕ್ರೈಕೊಅರಿಟಿನಾಯ್ಡ್ ಅಂತ. ಬೆರಳ ಗೆಣ್ಣಿನ ಕೀಲಿಗಿರುವಂಥದ್ದೇ ಒಳಪೊರೆ ಇವಕ್ಕೂ ಇದೆ. ರುಮಟಾಯ್ಡ್ ಅಲ್ಲಿಗೂ ಹೋಗುತ್ತೆ. ಧ್ವನಿತಂತುಗಳು ಮಾತಾಡುವಾಗ ಕೂಡುವುದು, ಉಸಿರೆಳೆಯುವಾಗ ಅಗಲವಾಗುವುದು ಈ ಕೀಲುಗಳಿಂದಲೇ. ಊದಿದಾಗ ದನಿ ಒಡೆಯುತ್ತೆ, ನುಂಗಲು ನೋವು. ಧ್ವನಿಪೆಟ್ಟಿಗೆಗೂ ಕಿವಿಗೂ ವೇಗಸ್ ಎಂಬ ಒಂದೇ ನರದ ಕವಲುಗಳಿರುವುದರಿಂದ ಕಿವಿನೋವು.

ಮೂಗಿನಿಂದ ತೆಳು ಸ್ಕೋಪ್ (ಒಳಗೆ ನೋಡುವ ಕೊಳವೆ) ಹಾಕಿ ನೋಡಿಸಿ. ಮರಗಟ್ಟಿಸಲು ಲಿಗ್ನೊಕೇನ್ ಸ್ಪ್ರೇ ಸಾಕು, ಕೆಲವೇ ನಿಮಿಷದ ಕೆಲಸ. ಹೊಸ ಉರಿಯೂತವಾದರೆ ಕೀಲಿನ ಮೇಲ್ಭಾಗ ಕೆಂಪಗೆ ಊದಿರುತ್ತೆ. ಹಳೆಯದಾದರೆ ನೋಡಲು ಸರಿಯಾಗೇ ಇದ್ದು, ತಂತು ಮಾತ್ರ ಅಲುಗುವುದಿಲ್ಲ. ನರದ ಪಾರ್ಶ್ವವಾಯು ಅಂತ ತಪ್ಪು ತಿಳಿಯುವುದು ಇಲ್ಲೇ. ಅನುಮಾನವಿದ್ದರೆ ಸಿಟಿ ಸ್ಕ್ಯಾನ್, ಇಎಂಜಿ (ನರ-ಸ್ನಾಯುಗಳ ಕೆಲಸ ಅಳೆಯುವ ಪರೀಕ್ಷೆ), ಅಥವಾ ಅರಿವಳಿಕೆ ಕೊಟ್ಟು ಕೀಲನ್ನೇ ಅಲುಗಿಸಿ ನೋಡುತ್ತಾರೆ. ತಂತಿನ ಮೇಲಿನ ರುಮಟಾಯ್ಡ್ ಗಂಟು, ಶೋಗ್ರನ್‌ನಿಂದ (ಬಾಯಿ, ಕಣ್ಣು ಒಣಗಿಸುವ ಕಾಯಿಲೆ) ಒಣಗಿದ ಗಂಟಲು, ಕ್ಯಾನ್ಸರ್ ಕೂಡ ಸ್ಕೋಪ್ ಹಾಕಿದಾಗಲೇ ಗೊತ್ತಾಗೋದು.

ಕೀಲೇ ಕಾರಣವಾದರೆ ರುಮಟಾಲಜಿಸ್ಟ್ (ಕೀಲುರೋಗದ ವೈದ್ಯರು) ಔಷಧಿ ಬದಲಿಸುತ್ತಾರೆ, ಸ್ವಲ್ಪ ದಿನ ಸ್ಟೀರಾಯ್ಡ್ ಕೊಡಬಹುದು. ಕೆಲವೊಮ್ಮೆ ಕೀಲಿಗೇ ಇಂಜೆಕ್ಷನ್. ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆಯ ಔಷಧಿ, ನೀವೇ ಹೆಚ್ಚಿಸಬೇಡಿ.

ಒಂದು ಮಾತು: ದನಿ ತಿಳಿಯಾಯಿತೆಂದು ನಿರಾಳವಾಗಬೇಡಿ. ಎರಡೂ ತಂತುಗಳು ನಡುವೆ ಬಂದು ಬಿಗಿದರೆ ದನಿ ಚೆನ್ನಾಗೇ ಇರುತ್ತೆ, ಉಸಿರ ದಾರಿ ಮಾತ್ರ ಕಿರಿದಾಗುತ್ತೆ. ಉಸಿರೆಳೆದಾಗ ಕೀಚ್ ಅಂತ ಸದ್ದು, ಮಲಗಿದರೆ ಉಸಿರು ಕಟ್ಟುವುದು, ಇವಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಎಮರ್ಜೆನ್ಸಿಗೆ ಹೋಗಿ. ನೆಗಡಿ, ಗಂಟಲು ಸೋಂಕು ಬಂದಾಗ ಇದು ತಟ್ಟನೆ ಉಲ್ಬಣಿಸಬಹುದು. ಆಗ ಟ್ರೇಕಿಯಾಸ್ಟಮಿ (ಉಸಿರಾಟಕ್ಕೆ ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡುವುದು) ಬೇಕಾಗುವುದೂ ಉಂಟು.

ಪ್ರಶ್ನೆ: ಮುಂದಿನ ತಿಂಗಳು ಮಂಡಿ ಆಪರೇಷನ್ ಇದೆಯಲ್ಲ ಸರ್?

ಉತ್ತರ (ಅರಿವಳಿಕೆ ತಜ್ಞೆ): ಸ್ಕೋಪ್ ಆಗದೆ ಟೇಬಲ್ ಹತ್ತಿಸಬೇಡಿ. ರಿಪೋರ್ಟನ್ನು ಅರಿವಳಿಕೆಯವರಿಗೆ ಮುಂಚೆಯೇ ಕೊಡಿ. ಕುತ್ತಿಗೆ ಬಾಗಿಸಿ, ಹಿಂದಕ್ಕೆ ಚಾಚಿ ಎಕ್ಸ್‌ರೇ ಕೂಡ ಕೇಳಿ. ರುಮಟಾಯ್ಡ್‌ನಲ್ಲಿ ಕುತ್ತಿಗೆಯ ಮೊದಲೆರಡು ಮೂಳೆ ಜಾರಿರಬಹುದು, ಉಸಿರಾಟದ ಟ್ಯೂಬ್ ಹಾಕಲು ತಲೆ ಹಿಂದೆ ಬಾಗಿಸಿದರೆ ಬೆನ್ನುಹುರಿಗೆ ಅಪಾಯ. ಸಾಧ್ಯವಾದರೆ ಸ್ಪೈನಲ್ (ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಭಾಗ ಮಾತ್ರ ಮರಗಟ್ಟಿಸುವುದು) ಒಳ್ಳೆಯದು. ಟ್ಯೂಬ್ ಬೇಕೇ ಬೇಕೆಂದರೆ ಸಣ್ಣ ಸೈಜಿನದು ಹಾಕುತ್ತೇವೆ. ಅದನ್ನು ತೆಗೆದ ಮೇಲೂ ಕೀಲು ಊದಿ ಉಸಿರು ಕಟ್ಟಬಹುದು, ಹಾಗಾಗಿ ಅಂಥವರನ್ನು ಬೇಗ ವಾರ್ಡಿಗೆ ಕಳಿಸುವುದಿಲ್ಲ.